ಐದು ದಿನದ ಕರೆಂಟು, ತುಂಬಿದ ಮೂತ್ರಕೋಶ

"ಎಂಟು ವಾರದ ವಿಕಿರಣವನ್ನು ಐದೇ ದಿನಕ್ಕೆ ಇಳಿಸಿದರೆ ಚಿಕಿತ್ಸೆ ಅರ್ಧಂಬರ್ಧ ಆಗುವುದಿಲ್ಲವೇ ಡಾಕ್ಟರೇ?" ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ) 3+4, ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಸೇರುವ ಪ್ರೋಟೀನಿನ ಮಟ್ಟ) 9, ಕ್ಯಾನ್ಸರ್ ಇನ್ನೂ ಪ್ರಾಸ್ಟೇಟ್ ಗ್ರಂಥಿಯ ಒಳಗೇ ಇತ್ತು. ಬೆಂಗಳೂರಿನಲ್ಲಿ ಎರಡು ತಿಂಗಳು ಮನೆ ಮಾಡುವುದು ತಪ್ಪಿತೆಂದು ಮಗನ ಮುಖ ಅರಳಿತ್ತು. ಮೇಷ್ಟ್ರ ಅನುಮಾನ ಮಾತ್ರ ಹೋಗಿರಲಿಲ್ಲ.

ಅವರ ಪ್ರಶ್ನೆ ಸರಿಯಾದದ್ದೇ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ನಿಧಾನವಾಗಿ ಬೆಳೆಯುತ್ತವೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ವಿಕಿರಣ ಕೊಟ್ಟರೆ ಆದ ಗಾಯವನ್ನು ಮರುದಿನದೊಳಗೆ ಸಾಕಷ್ಟು ರಿಪೇರಿ ಮಾಡಿಕೊಳ್ಳುತ್ತವೆ. ಒಮ್ಮೆಗೇ ದೊಡ್ಡ ಪ್ರಮಾಣ ಬಿದ್ದರೆ ಆ ರಿಪೇರಿ ಅವುಗಳ ಕೈಲಾಗುವುದಿಲ್ಲ. ಹಾಗಾಗಿ 39 ಸಲ ಕೊಡುವ 78 ಗ್ರೇ (ವಿಕಿರಣದ ಅಳತೆ) ಮಾಡುವ ಕೆಲಸವನ್ನು ಐದು ಸಲ ಕೊಡುವ 36.25 ಗ್ರೇ ಮಾಡಬಲ್ಲದು.

ಬ್ರಿಟನ್, ಐರ್ಲೆಂಡ್ ಮತ್ತು ಕೆನಡಾದಲ್ಲಿ 874 ರೋಗಿಗಳ ಮೇಲೆ ನಡೆದ ಪೇಸ್-ಬಿ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರ ಕಾಯಿಲೆ ಮರುಕಳಿಸದೆ ಇದ್ದವರು ಐದು ಸಲದ ಗುಂಪಿನಲ್ಲಿ ಶೇ 95.8, ದೀರ್ಘ ಚಿಕಿತ್ಸೆಯ ಗುಂಪಿನಲ್ಲಿ ಶೇ 94.6. ಇದನ್ನು ಹೇಳಿದ ಉಸಿರಿನಲ್ಲೇ ಇನ್ನೊಂದು ಅಂಕಿಯನ್ನೂ ಹೇಳುತ್ತೇನೆ. ಆ ಐದು ವರ್ಷಗಳಲ್ಲಿ ಔಷಧಿ ಬೇಕಾಗುವಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಮೂತ್ರದ ತೊಂದರೆ ಐದು ಸಲದ ಗುಂಪಿನ ಶೇ 26.9 ಮಂದಿಗೆ ಕಾಣಿಸಿಕೊಂಡಿತು. ದೀರ್ಘ ಚಿಕಿತ್ಸೆಯಲ್ಲಿ ಅದು ಶೇ 18.3. ಮೊದಲ ಅಂಕಿಯನ್ನಷ್ಟೇ ಹೇಳಿ ಕಳುಹಿಸುವುದು ನನ್ನ ಮಟ್ಟಿಗೆ ತಪ್ಪು.

ಅದಕ್ಕೇ ಸ್ಕ್ಯಾನ್ ನೋಡುವುದಕ್ಕೆ ಮೊದಲು ಕೇಳುತ್ತೇನೆ: ರಾತ್ರಿ ಎಷ್ಟು ಸಲ ಏಳುತ್ತೀರಿ? ಧಾರೆ ತಡೆದು ತಡೆದು ಬರುತ್ತದೆಯೇ? ಮೂತ್ರ ಈಗಾಗಲೇ ಕಟ್ಟುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಅಂಥವರಿಗೆ ವಿಕಿರಣವನ್ನು 20 ಸಲ ಹಂಚಿ ಕೊಡುವ ದಾರಿಯೇ ಮೇಲು ಎಂದು ಹೇಳಿದ್ದೂ ಇದೆ. ಗ್ಲೀಸನ್ ಮೊತ್ತ 6 ಇರುವ ಬಹಳ ಮಂದಿಗೆ ಈಗಲೇ ಯಾವ ಚಿಕಿತ್ಸೆಯೂ ಬೇಡ, ನಿಗಾ ಸಾಕು. ಯೋಚಿಸಲು ಕೆಲವು ವಾರ ತೆಗೆದುಕೊಂಡರೆ ಏನೂ ಕೆಡುವುದಿಲ್ಲ.

ಪ್ರಾಸ್ಟೇಟ್‌ನ ಬೆನ್ನಿಗೆ ಗುದನಾಳ ಅಂಟಿಕೊಂಡಿದೆ, ಮೇಲೆ ಮೂತ್ರಕೋಶ ಕುಳಿತಿದೆ. ಗುದನಾಳದಲ್ಲಿ ಒಂದಿಷ್ಟು ಗಾಳಿ ಸೇರಿದರೂ ಗ್ರಂಥಿ ಕೆಲವು ಮಿಲಿಮೀಟರ್ ಸರಿದುಬಿಡುತ್ತದೆ, ಮತ್ತು ವಿಕಿರಣ ಕೊಡುವಾಗ ನಾವು ಗ್ರಂಥಿಯ ಸುತ್ತ ಬಿಡುವ ಅಂಚೂ ಅಷ್ಟೇ. ಗುರಿ ತಪ್ಪದಿರಲಿ ಎಂದು ಗ್ರಂಥಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಮೂರು ಚಿನ್ನದ ಗುರುತುಗಳನ್ನು ಇಟ್ಟು, ಪ್ರತಿ ಸಲವೂ ಚಿತ್ರ ತೆಗೆದು ನೋಡುತ್ತೇವೆ. ಉಳಿದ ಕೆಲಸ ರೋಗಿಯದು. ಮೂರು ದಿನ ಮೊದಲಿನಿಂದಲೇ ಅವರೆಕಾಳು, ಹುರುಳಿ, ಎಲೆಕೋಸು ಬೇಡ. ಬೆಳಿಗ್ಗೆ ಹೊಟ್ಟೆ ಸಲೀಸಾಗಬೇಕು. ಮೂತ್ರಕೋಶ ತುಂಬಿರಲೆಂದು ಹೇಳಿದ ಹೊತ್ತಿಗೆ ಅರ್ಧ ಲೀಟರ್ ನೀರು ಕುಡಿದು ತಡೆದುಕೊಂಡಿರಬೇಕು. ಎರಡನೆಯ ದಿನ ಮೇಷ್ಟ್ರ ಚಿತ್ರದಲ್ಲಿ ಗಾಳಿ ಕಂಡಿತು. ಟೇಬಲ್‌ನಿಂದ ಇಳಿಸಿ, ಓಡಾಡಲು ಹೇಳಿ, ಒಂದು ಗಂಟೆ ಕಾದೆವು. ಹೊರಗೆ ಸರದಿಯಲ್ಲಿ ಕುಳಿತವರು ಬೇಸರಪಟ್ಟರು. ಆದರೂ ಆ ಒಂದು ಗಂಟೆಯನ್ನು ಉಳಿಸಲು ನಾನು ಒಪ್ಪುವುದಿಲ್ಲ.

ಚಿಕಿತ್ಸೆಯ ಹೊತ್ತಿನಲ್ಲಿ ನೋವಿಲ್ಲ. ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ. ಅದೇ ಸಂಜೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಕೆಲವು ವಾರ ಮೂತ್ರದ ಉರಿ, ಅವಸರ ಇರುತ್ತವೆ, ಮಾತ್ರೆಗೆ ಬಗ್ಗುತ್ತವೆ.

ಪಿಎಸ್‌ಎ ಮಾತ್ರ ನಿಧಾನವಾಗಿ ಇಳಿಯುತ್ತದೆ, ಕೆಲವೊಮ್ಮೆ ವರ್ಷಗಳೇ ಬೇಕು. ಮೇಷ್ಟ್ರದು ವರ್ಷದೊಳಗೆ 1.4ಕ್ಕೆ ಬಂದಿತ್ತು. ಹದಿನೆಂಟನೆಯ ತಿಂಗಳಲ್ಲಿ 1.9 ಆದಾಗ ಮಗ ರಾತ್ರಿಯೇ ಫೋನ್ ಮಾಡಿದರು. ವಿಕಿರಣದ ನಂತರ ಇಂಥ ಸಣ್ಣ ಏರಿಕೆ ಹಲವರಲ್ಲಿ ಕಾಣುತ್ತದೆ. ತಲುಪಿದ ಕನಿಷ್ಠ ಮಟ್ಟಕ್ಕಿಂತ 2 ಹೆಚ್ಚಾದರೆ ಮರುಕಳಿಕೆ ಎಂದು ಲೆಕ್ಕ ಹಿಡಿಯುತ್ತೇವೆ ಎಂದು ವಿವರಿಸಿದೆ. ಮೂರು ತಿಂಗಳು ಕಾದು ಮತ್ತೆ ಪರೀಕ್ಷೆ ಮಾಡಿಸಿದೆವು. 1.1 ಬಂತು.