ಎಂಬತ್ತು ವರ್ಷದ ಕಣ್ಣು ಯಾರಿಗೆ ಬೇಕು?

ಮನೆಯಲ್ಲಿ ವಯಸ್ಸಾದವರು ತೀರಿಕೊಂಡಾಗ ಯಾರಾದರೂ ನೇತ್ರದಾನದ ಮಾತು ತೆಗೆದರೆ ಒಂದು ಉತ್ತರ ಬಂದೇ ಬರುತ್ತದೆ. ‘ಎಂಬತ್ತು ದಾಟಿದ ಕಣ್ಣು, ಪೊರೆ ಆಪರೇಷನ್ ಬೇರೆ ಆಗಿದೆ. ಯಾರಿಗೆ ಬೇಕು ಬಿಡಿ.’ ಹೀಗೆ ಹೇಳಿದವರನ್ನು ದೂರುವ ಹಾಗಿಲ್ಲ. ಯಾವ ಕಣ್ಣು ಒಳ್ಳೆಯದು ಅನ್ನುವ ಲೆಕ್ಕ ವೈದ್ಯರ ನಡುವೆಯೇ ಮತ್ತೆ ಮತ್ತೆ ಬದಲಾಗಿದೆ.

ಕಸಿಗೆ ಬಳಸುವುದು ಇಡೀ ಕಣ್ಣನ್ನಲ್ಲ. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಕಾರ್ನಿಯಾವನ್ನು ಮಾತ್ರ. ಪೊರೆ ಬರುವುದು ಅದರ ಹಿಂದಿನ ಮಸೂರಕ್ಕೆ. ಹಾಗಾಗಿ ಪೊರೆ ಆಪರೇಷನ್ ಆಗಿದೆ ಅಂತ ಸುಮ್ನೆ ಕೈಬಿಡಬೇಕಿಲ್ಲ. ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇದೆ. ಆದರೂ ಅದು ಊದಿಕೊಂಡು ಮಂಜಾಗುವುದಿಲ್ಲ. ಒಳಮೈಯಲ್ಲಿ ಎಂಡೋಥೀಲಿಯಂ ಅನ್ನುವ ಒಂದೇ ಸಾಲಿನ ಜೀವಕೋಶಗಳಿವೆ. ಅವು ಹಗಲೂ ರಾತ್ರಿ ನೀರನ್ನು ಹೊರಗೆ ಹಾಕುತ್ತಲೇ ಇರುತ್ತವೆ. ಇಲ್ಲಿ ಒಂದು ಕೋಶ ಸತ್ತರೆ ಹೊಸದು ಹುಟ್ಟುವುದಿಲ್ಲ. ಪಕ್ಕದವು ಹಿಗ್ಗಿ ಆ ಜಾಗ ತುಂಬುತ್ತವೆ.

1905ರಲ್ಲಿ ಇಂದಿನ ಚೆಕ್ ದೇಶದ ಓಲೊಮೌಟ್ಸ್‌ನಲ್ಲಿ ಎಡ್ವರ್ಡ್ ಜಿರ್ಮ್ ಮೊದಲ ಯಶಸ್ವಿ ಕಸಿ ಮಾಡಿದರು. ಅದಕ್ಕೆ ಬಳಸಿದ್ದು, ಗಾಯವಾಗಿ ಕಣ್ಣು ತೆಗೆಸಿಕೊಂಡ ಹುಡುಗನ ಕಾರ್ನಿಯಾ. ಸತ್ತವರ ಕಣ್ಣೂ ಆಗುತ್ತದೆ ಎಂದು 1930ರ ದಶಕದಲ್ಲಿ ಉಕ್ರೇನಿನ ಒಡೆಸ್ಸಾದ ನೇತ್ರವೈದ್ಯ ಫಿಲಾಟೊವ್ ತೋರಿಸಿದರು. 1945ರಲ್ಲಿ ಮದ್ರಾಸಿನಲ್ಲಿ ಭಾರತದ ಮೊದಲ ನೇತ್ರ ಬ್ಯಾಂಕ್ ಬಂತು. ಆಗೆಲ್ಲ ಇಡೀ ಕಣ್ಣನ್ನು ತಂಪಿನಲ್ಲಿ ಇಟ್ಟು ಒಂದೆರಡು ದಿನದೊಳಗೆ ಬಳಸಬೇಕಿತ್ತು. 1974ರಲ್ಲಿ ಮೆಕ್ಯಾರಿ ಮತ್ತು ಕಾಫ್‌ಮನ್ ರೂಪಿಸಿದ, ಕಾರ್ನಿಯಾವನ್ನು ಮಾತ್ರ ಇಡುವ ದ್ರವ ಈ ಅವಧಿಯನ್ನು ನಾಲ್ಕು ದಿನಕ್ಕೆ ಎಳೆಯಿತು. ನಂತರ ಬಂದ ದ್ರವಗಳಲ್ಲಿ ಹದಿನಾಲ್ಕು ದಿನದವರೆಗೂ ಇಡಬಹುದು.

ಅಷ್ಟರಲ್ಲಿ ಕೋಶಗಳನ್ನು ಎಣಿಸುವ ಮೈಕ್ರೋಸ್ಕೋಪ್ ಬಂದಿತ್ತು. ಮಕ್ಕಳಲ್ಲಿ ಚದರ ಮಿಲಿಮೀಟರಿಗೆ 3000ಕ್ಕಿಂತ ಜಾಸ್ತಿ, ದೊಡ್ಡವರಲ್ಲಿ ಸುಮಾರು 2500. 2000ಕ್ಕಿಂತ ಕಡಿಮೆ ಇದ್ದರೆ ದೃಷ್ಟಿಗಾಗಿ ಮಾಡುವ ಕಸಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಳೆಯ ಕಣ್ಣೇ ಮೇಲು ಅನ್ನುವ ನಂಬಿಕೆ ಬೇರೂರಿದ್ದು ಹೀಗೆ. ಹಸುಗೂಸಿನ ಕಾರ್ನಿಯಾ ಮಾತ್ರ ತೀರಾ ಮೆತ್ತಗೆ, ಉಬ್ಬು ಜಾಸ್ತಿ. ಅದನ್ನು ಹಾಕಿಸಿಕೊಂಡವರಿಗೆ ದೂರದ್ದು ಮಸುಕಾಗುತ್ತದೆ.

ಈ ನಂಬಿಕೆಯನ್ನು ಅಮೆರಿಕದ ಒಂದು ದೊಡ್ಡ ಅಧ್ಯಯನ ಪರೀಕ್ಷೆಗೆ ಒಡ್ಡಿತು. ದಾನಿಗಳಲ್ಲಿ 12ರಿಂದ 65 ವರ್ಷದವರದು ಒಂದು ಗುಂಪು, 66ರಿಂದ 75ರವರದು ಇನ್ನೊಂದು. ಐದು ವರ್ಷದ ನಂತರ ಎರಡೂ ಗುಂಪಿನಲ್ಲಿ ಶೇ. 86 ಕಸಿಗಳು ಉಳಿದಿದ್ದವು. ಹತ್ತು ವರ್ಷಕ್ಕೆ ಶೇ. 77 ಮತ್ತು 71. ಇಷ್ಟು ಸಣ್ಣ ಅಂತರಕ್ಕಾಗಿ ಹಿರಿಯರ ಕಣ್ಣು ಎಷ್ಟು ಕಡೆ ಪಕ್ಕಕ್ಕೆ ಸರಿದಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಲೆಕ್ಕ ಪೂರ್ತಿ ತಿರುಗಿದ್ದು ಪದರದ ಕಸಿ ಬಂದಮೇಲೆ. ನೆದರ್ಲೆಂಡ್ಸ್‌ನ ಗೆರಿಟ್ ಮೆಲ್ಲೆಸ್ 1998ರಿಂದ ಈ ದಾರಿ ಹಿಡಿದರು. ಒಳಪದರ ಮಾತ್ರ ಕೆಟ್ಟಿದ್ದರೆ ಇಡೀ ಕಾರ್ನಿಯಾ ಬದಲಿಸುವುದೇಕೆ? ಇಂದು ಹಾಕುವ ಅತಿ ತೆಳುವಾದ ಪದರ ಹದಿನೈದು ಮೈಕ್ರಾನ್ ಆಸುಪಾಸು. ನಮ್ಮ ಕೂದಲಿನ ಕಾಲು ಭಾಗವೂ ಇಲ್ಲ.

ಬಟ್ಟಲಿನ ದ್ರವದಲ್ಲಿ ಚಿಮುಟದಿಂದ ಇದನ್ನು ಸುಲಿಯುತ್ತಾರೆ. ಬಿಟ್ಟ ಕೂಡಲೇ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಕೋಶಗಳಿರುವ ಮೈ ಹೊರಗೆ. ನೀಲಿ ಬಣ್ಣ ಹಾಕದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಯಾವ ಮೈ ಮೇಲೆ ಎಂದು ಗೊತ್ತಾಗಲು ನೇತ್ರ ಬ್ಯಾಂಕಿನಲ್ಲೇ ‘ಎಸ್’ ಅಥವಾ ‘ಎಫ್’ ಅಕ್ಷರದ ಪುಟ್ಟ ಮುದ್ರೆ ಒತ್ತುವುದುಂಟು. ಕಣ್ಣೊಳಗೆ ಅಕ್ಷರ ತಿರುಗುಮುರುಗಾಗಿ ಕಂಡರೆ ಪದರ ಮಗುಚಿದೆ ಎಂದರ್ಥ.

ವಯಸ್ಸು ಉಪಕಾರಕ್ಕೆ ಬರುವುದು ಇಲ್ಲೇ. ಎಳೆಯರ ಪದರ ಬಾಳೆ ಸುಳಿಯ ಹಾಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ರೋಗಿಯ ಕಣ್ಣೊಳಗೆ ಅದನ್ನು ಬಿಚ್ಚಲು ಹೆಣಗಾಡಬೇಕು. ವಯಸ್ಸಾದಂತೆ ಈ ಪದರ ದಪ್ಪವಾಗುತ್ತದೆ. ಬಲಿತ ಎಲೆಯ ಹಾಗೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೋಶಗಳ ಸಂಖ್ಯೆ ಚೆನ್ನಾಗಿದ್ದರೆ ಈ ಕಸಿಗೆ ಸರ್ಜನ್‌ಗಳು ಐವತ್ತು ದಾಟಿದವರ ಕಣ್ಣನ್ನೇ ಕೇಳುವುದುಂಟು. ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ (ಲೇಸಿಕ್) ಆದವರ ಕಾರ್ನಿಯಾ ಪೂರ್ತಿ ಕಸಿಗೆ ಬರುವುದಿಲ್ಲ, ಆದರೆ ಅದರ ಒಳಪದರ ಬರುತ್ತದೆ.

ಕನ್ನಡಿಗರಿಗೆ ಪದರದ ಕಸಿಯ ಪರಿಚಯವಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂದಿನ ಮತ್ತು ಹಿಂದಿನ ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಹಾಕಿದರು. ಪುನೀತ್ ಅವರಿಗೆ ಆಗ 46. ಅವರ ತಂದೆ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ 76 ವರ್ಷ. ಅವರ ಕಣ್ಣುಗಳೂ ದಾನವಾಗಿದ್ದವು.

ಕಣ್ಣು ಯಾವ ಕಸಿಗೆ ಆಗುತ್ತದೆ ಎನ್ನುವುದು ಮೈಕ್ರೋಸ್ಕೋಪ್ ಮತ್ತು ರಕ್ತಪರೀಕ್ಷೆ ಆದಮೇಲೆ ತೀರ್ಮಾನವಾಗುತ್ತದೆ. ಮನೆಯವರು ಮಾಡಬೇಕಾದದ್ದು ಸ್ವಲ್ಪವೇ. ತೀರಿಕೊಂಡ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ನೇತ್ರ ಬ್ಯಾಂಕಿಗೆ ಬೇಗ ಫೋನ್ ಮಾಡಿ. ತಲೆದಿಂಬು ಕೊಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ, ಗಾಳಿಗೆ ಕಾರ್ನಿಯಾ ಒಣಗುತ್ತದೆ.