ಹಬ್ಬಕ್ಕಾದರೆ ಮಾತ್ರೆ, ನೋವಿಗಾದರೆ ಕಷಾಯ

ನಮ್ಮ ಮನೆಗೆ ಹಾರ್ಮೋನ್ ಮಾತ್ರೆ ಹೊಸದೇನಲ್ಲ. ಗೌರಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ‘ಡೇಟ್’ ಅಡ್ಡ ಬರುತ್ತದೆ ಅಂತ ಗೊತ್ತಾದರೆ ಸಾಕು, ದೊಡ್ಡಮ್ಮನೇ ಮೆಡಿಕಲ್ ಶಾಪಿಗೆ ಕಳಿಸುತ್ತಿದ್ದರು. ಚೀಟಿಯೂ ಇಲ್ಲ, ಡಾಕ್ಟರೂ ಇಲ್ಲ. ಪ್ರತಿ ತಿಂಗಳು ಮೊದಲ ದಿನ ನಾನು ಬಚ್ಚಲುಮನೆಯಲ್ಲಿ ಮುದುರಿ ಕೂತು ವಾಂತಿ ಮಾಡುತ್ತಿದ್ದೆ. ಅದಕ್ಕೆ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಾಗ ಮಾತ್ರ ಅದೇ ದೊಡ್ಡಮ್ಮ, “ಬೇಡ ಕಣೇ, ಮೈಗೆ ಒಳ್ಳೇದಲ್ಲ. ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ” ಅಂದರು. ಕೈಗೆ ಜೀರಿಗೆ ಕಷಾಯದ ಲೋಟ ಬಂತು.

ಈ ನೋವು ಎಲ್ಲಿಂದ ಬರುತ್ತದೆ? ಗರ್ಭ ನಿಲ್ಲದಿದ್ದರೆ, ಗರ್ಭಕೋಶದ ಒಳಪದರವನ್ನು ಕಾಪಾಡುವ ಪ್ರೊಜೆಸ್ಟೆರಾನ್ ಹಾರ್ಮೋನು ದಿಢೀರನೆ ಇಳಿಯುತ್ತದೆ. ಆ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಹಿಂಡುವ ರಭಸಕ್ಕೆ ರಕ್ತನಾಳಗಳೂ ಅದುಮಿಹೋಗಿ, ಸ್ನಾಯುವಿಗೆ ಆಮ್ಲಜನಕ ಸಾಲದೆ ನೋವು ಏಳುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ಭೇದಿ, ವಾಂತಿ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಇದನ್ನು ವೀರ್ಯದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯಿಂದಲೇ ಬರುತ್ತದೆ ಅಂದುಕೊಂಡು ಈ ಹೆಸರಿಟ್ಟರು. ಗಂಡಸರ ಗ್ರಂಥಿಯ ಹೆಸರು ಹೊತ್ತುಕೊಂಡು ಹೆಂಗಸರನ್ನು ಗೋಳು ಹೊಯ್ದುಕೊಳ್ಳುತ್ತದೆ!

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಮುಖ್ಯವಾಗಿ ತಡೆಯುವುದು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು. ಆಗಲೇ ತಯಾರಾಗಿದ್ದರ ಮೇಲೆ ಅವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ನಾನು ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸಿ, ಇನ್ನಾಗದು ಅಂದಾಗ ನುಂಗುತ್ತಿದ್ದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಂದಹಾಗೆ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಬರೀ ಸಮಾಧಾನಕ್ಕಲ್ಲ. ಶಾಖದಿಂದ ನೋವು ಇಳಿಯುತ್ತದೆ ಅಂತ ಪರೀಕ್ಷೆಗಳಲ್ಲೂ ಕಂಡಿದೆ.

ಹಾರ್ಮೋನ್ ಮಾತ್ರೆಯ ದಾರಿಯೇ ಬೇರೆ. ಅದು ಒಳಪದರ ದಪ್ಪಗೆ ಬೆಳೆಯಲು ಬಿಡುವುದಿಲ್ಲ. ಪದರ ತೆಳುವಾದರೆ ಪ್ರೊಸ್ಟಗ್ಲಾಂಡಿನ್ನೂ ಕಡಿಮೆ, ಹಿಂಡುವುದೂ ಕಡಿಮೆ. ನಿಜವಾದ ಪ್ರೊಜೆಸ್ಟೆರಾನನ್ನು ನುಂಗಿದರೆ ಬಹುಪಾಲು ಪಿತ್ತಜನಕಾಂಗದಲ್ಲೇ ಹಾಳಾಗುತ್ತದೆ. ನುಂಗಿದರೂ ಕೆಲಸ ಮಾಡುವ ಅದರ ತಮ್ಮನಂಥ ನೊರೆಥಿಸ್ಟೆರಾನ್ 1951ರಲ್ಲಿ ಮೆಕ್ಸಿಕೋ ನಗರದ ಪ್ರಯೋಗಾಲಯವೊಂದರಲ್ಲಿ ತಯಾರಾಯಿತು. ಅಲ್ಲಿನವರ ಕಚ್ಚಾವಸ್ತು ಕಾಡುಗೆಣಸು. ದೊಡ್ಡಮ್ಮ ತರಿಸುತ್ತಿದ್ದ ಹಬ್ಬದ ಮಾತ್ರೆ ಇದೇ. 5 ಮಿಲಿಗ್ರಾಂನದು, ದಿನಕ್ಕೆ 3.

1957ರಲ್ಲಿ ಅಮೆರಿಕ ಈ ಬಗೆಯ ಮೊದಲ ಮಾತ್ರೆಗೆ ಒಪ್ಪಿಗೆ ಕೊಟ್ಟಿದ್ದು ಮುಟ್ಟಿನ ತೊಂದರೆಗಳಿಗೆ. ಗರ್ಭ ತಡೆಯಲು ಬಳಸಬಹುದು ಅಂದಿದ್ದು 1960ರಲ್ಲಿ. ಆದರೂ ಮದುವೆಯಾಗದ ಹುಡುಗಿಯ ಬ್ಯಾಗಿನಲ್ಲಿ ಇಂಥ ಸ್ಟ್ರಿಪ್ ಕಂಡರೆ ಮನೆಯವರ ಮುಖ ಹೇಗಾಗುತ್ತದೆ ಗೊತ್ತಲ್ವಾ?

ಸರ್ಕಾರದ ಗರ್ಭನಿರೋಧಕ ಮಾತ್ರೆ ಮಾಲಾ-ಡಿ ಪೊಟ್ಟಣ ಬಿಚ್ಚಿ ನೋಡಿ. 28 ಮಾತ್ರೆಗಳಲ್ಲಿ ಹಾರ್ಮೋನ್ ಇರುವುದು 21ರಲ್ಲಿ ಮಾತ್ರ. ಕೊನೆಯ 7 ಕಬ್ಬಿಣದ ಮಾತ್ರೆಗಳು. ಆ ವಾರ ಆಗುವ ರಕ್ತಸ್ರಾವ ಹಾರ್ಮೋನ್ ನಿಲ್ಲಿಸಿದ್ದಕ್ಕೆ ಆಗುವುದು, ಮಾಮೂಲಿ ಮುಟ್ಟಲ್ಲ. ನೋವು ಜಾಸ್ತಿ ಇರುವವರಿಗೆ ವೈದ್ಯರು ಕೆಲವೊಮ್ಮೆ ಹಾರ್ಮೋನ್ ಇಲ್ಲದ ಆ ವಾರದ ಬಿಡುವೇ ಬೇಡ ಅನ್ನುತ್ತಾರೆ. ಹಾಗಾದರೆ ‘ಕೆಟ್ಟ ರಕ್ತ’ ಒಳಗೇ ಕಟ್ಟಿಕೊಳ್ಳುವುದಿಲ್ಲವೇ? ಪದರವೇ ಬೆಳೆಯದಿದ್ದರೆ ಕಟ್ಟಿಕೊಳ್ಳಲು ಏನಿದೆ?

ನನ್ನ ಮೊದಲ ಎರಡು ತಿಂಗಳು ಸುಖವಾಗೇನೂ ಇರಲಿಲ್ಲ. ಬೆಳಿಗ್ಗೆ ಓಕರಿಕೆ, ನಡುನಡುವೆ ರಕ್ತದ ಕಲೆ, ಸುಮ್ಮಸುಮ್ಮನೆ ಅಳು. ಮೂರನೇ ತಿಂಗಳು ಇವೆಲ್ಲ ತಗ್ಗಿದವು. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್, ಬಿಪಿ ಇರುವವರಿಗೆ ಅದು ಆಗಿಬರುವುದಿಲ್ಲ. ಡಾಕ್ಟರು ಬಿಪಿ ನೋಡಿ, ನೂರೆಂಟು ಪ್ರಶ್ನೆ ಕೇಳಿ ಬರೆದುಕೊಡುವುದು ಅದಕ್ಕೇ. ಹಬ್ಬದ ಮಾತ್ರೆಗೆ ನಮ್ಮ ಮನೆಯಲ್ಲಿ ಈ ವಿಚಾರಣೆ ಒಮ್ಮೆಯೂ ನಡೆಯಲಿಲ್ಲ.

ಮಾತ್ರೆಗೂ ಬಗ್ಗದ ನೋವಿದ್ದರೆ ಬೇರೆ ಕಾರಣ ಹುಡುಕಬೇಕು. ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ಕ್ಯಾನಿಂಗಿನಲ್ಲಿ ಕಾಣದೆಯೂ ಇರಬಹುದು. ಮಾತ್ರೆ ಅದನ್ನು ಅದುಮಿಡುತ್ತದೆ, ಬುಡಸಹಿತ ಕೀಳುವುದಿಲ್ಲ.

ಈಗ ನಾನು ಬಿಡುವಿಲ್ಲದೆ ನುಂಗುವವಳು. ಹೋದ ಸಲ ಹಬ್ಬದ ಮುಂಚೆ ದೊಡ್ಡಮ್ಮ ಫೋನ್ ಮಾಡಿ ಡೇಟ್ ಯಾವಾಗ ಅಂದರು. ಸದ್ಯಕ್ಕೆ ಇಲ್ಲವೇ ಇಲ್ಲ ಅಂದೆ. ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಹಾಗಾದ್ರೆ ಒಳ್ಳೇದೇ ಆಯ್ತು, ಬಾಗಿನದ ಕೆಲಸ ನಿನಗೇ” ಅಂದರು.