ಟೇಪಿಗೆ ಗಡಿಯಾರ ಕಟ್ಟುವುದು

ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್‌ನಲ್ಲಿ ಹಾಡು ಕೇಳಿದವರಿಗೆ ಇಲ್ಲಿ ಹೇಳಹೊರಟಿರುವ ಅರ್ಧ ವಿಷಯ ಆಗಲೇ ಗೊತ್ತು. ಪಲ್ಲವಿ ಸರಿಯಾಗೇ ಇರುತ್ತದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಗಾಯಕಿಯ ದನಿ ಗಂಡಸಿನ ದನಿಯಾಗಿರುತ್ತದೆ. ಮೋಟರ್ ನಿಧಾನವಾದರೆ ಟೇಪೂ ನಿಧಾನ. ಶ್ರುತಿ, ತಾಳ ಎರಡೂ ಒಟ್ಟಿಗೇ ಇಳಿಯುತ್ತವೆ.

ಸ್ಟುಡಿಯೋದ ದೊಡ್ಡ ಯಂತ್ರಗಳಲ್ಲಿ ಇಷ್ಟು ಕೆಡುವುದಿಲ್ಲ, ನಿಜ. ಎರಡು ಇಂಚು ಅಗಲದ ಟೇಪು, ಅದರ ಮೇಲೆ 24 ಟ್ರ್ಯಾಕ್ (ಬೇರೆ ಬೇರೆ ವಾದ್ಯ, ದನಿಗಳನ್ನು ಬರೆಯುವ ಸಾಲುಗಳು), ಸೆಕೆಂಡಿಗೆ 15 ಇಂಚು ಓಟ. ಆದರೂ ಅದು ಓಡುವುದು ಮೋಟರನ್ನೂ ರಬ್ಬರ್ ಗಾಲಿಯನ್ನೂ ನಂಬಿಕೊಂಡೇ. ವೇಗ ಸಾವಿರಕ್ಕೆ ಒಂದು ಪಾಲು ಹೆಚ್ಚುಕಮ್ಮಿ ಆಯಿತು ಅನ್ನಿ. ನಾಲ್ಕು ನಿಮಿಷದ ಹಾಡಿನ ಕೊನೆಗೆ ಕಾಲು ಸೆಕೆಂಡ್ ಆಚೀಚೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಹತ್ತಿರಹತ್ತಿರ ಅರ್ಧ ಪೆಟ್ಟು! ಟೇಪ್ ಒಂದೇ ಇದ್ದರೆ ಇದು ಯಾರಿಗೂ ತಿಳಿಯುವುದಿಲ್ಲ. ಎಲ್ಲ ವಾದ್ಯಗಳೂ ಒಂದೇ ದೋಣಿಯಲ್ಲಿವೆ. ಹಾಡಿನ ಕೆಲವು ಭಾಗಗಳನ್ನು ಕಂಪ್ಯೂಟರಿನಲ್ಲಿಟ್ಟು ಎರಡನ್ನೂ ಒಟ್ಟಿಗೆ ಓಡಿಸಿದಾಗಲೇ ತಕರಾರು ಶುರು. ಅದರೊಳಗಿರುವುದು ಕ್ವಾರ್ಟ್ಜ್ ಹರಳಿನ ಗಡಿಯಾರ. ಲಕ್ಷಕ್ಕೆ ಐದು ಪಾಲು ತಪ್ಪಿದರೂ ಅದೇ ನಾಲ್ಕು ನಿಮಿಷಕ್ಕೆ ವ್ಯತ್ಯಾಸ 12 ಮಿಲಿಸೆಕೆಂಡ್ ಅಷ್ಟೇ.

ಹಾಗಾದರೆ ಟೇಪಿನ ಸಹವಾಸ ಯಾಕೆ, ಅಲ್ವಾ? 'ವಾರ್ಮ್ ಸೌಂಡ್' ಅನ್ನುತ್ತಾರೆ. ಸುಮ್ನೆ ಹೇಳುವ ಮಾತು ಎಂದು ನನಗೂ ಅನ್ನಿಸಿದ್ದುಂಟು. ಆದರೆ ಅದಕ್ಕೆ ಕಾರಣ ಇದೆ. ಟೇಪಿನ ಮೇಲಿರುವುದು ಕಬ್ಬಿಣದ ಆಕ್ಸೈಡಿನ ಪುಡಿ. ಶಬ್ದ ಜೋರಾದಷ್ಟೂ ಜಾಸ್ತಿ ಕಣಗಳು ಶಬ್ದ ಬರೆಯುವ ಕಾಂತದ ಸೆಳೆತಕ್ಕೆ ತಿರುಗಿ ನಿಲ್ಲುತ್ತವೆ. ತಿರುಗಲು ಉಳಿದ ಕಣಗಳು ಕಮ್ಮಿಯಾದಾಗ ಟೇಪು ಒಮ್ಮೆಲೇ ಕೈ ಎತ್ತುವುದಿಲ್ಲ. ರಷ್ ಬಸ್ಸಿನ ಕಂಡಕ್ಟರ್ ಹಾಗೆ ಒತ್ತಿ ಒತ್ತಿ ಇನ್ನಷ್ಟು ಹತ್ತಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಹಾಗಿಲ್ಲ. ಮಿತಿ ಮುಟ್ಟಿತೋ, ಬಾಗಿಲು ಬಂದ್. ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಟೇಪಿನಲ್ಲಿ ಹೀಗೆ ಒತ್ತಿದಾಗ ಮೂಲ ಸ್ವರದ ಮೂರು ಪಟ್ಟು ಕಂಪನದ ಸ್ವರವೊಂದು ಸಣ್ಣಗೆ ಸೇರುತ್ತದೆ. 200 ಹರ್ಟ್ಜ್‌ಗೆ 600. ಅದನ್ನೇ ಷಡ್ಜ ಅಂದುಕೊಂಡರೆ, ಸೇರಿದ್ದು ಮೇಲಿನ ಸ್ಥಾಯಿಯ ಪಂಚಮ! ಕಿವಿಗೆ ಹಿತ ಅನ್ನಿಸುವುದರಲ್ಲಿ ಆಶ್ಚರ್ಯವೇನಿದೆ? (ಜೊತೆಗೆ 'ಸ್' ಎಂಬ ಹಿಸ್ಸೂ ಬರುತ್ತದೆ. ಅದನ್ನು ಯಾರೂ ಅಷ್ಟು ಹೊಗಳುವುದಿಲ್ಲ.)

ಟೇಪನ್ನೂ ಕಂಪ್ಯೂಟರನ್ನೂ ಜೊತೆ ಮಾಡುವ ಹಳೆಯ ದಾರಿ ಟೈಮ್‌ಕೋಡ್. 24ನೇ ಟ್ರ್ಯಾಕಿನಲ್ಲಿ ಸಂಗೀತದ ಬದಲು ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ (ಸೆಕೆಂಡಿನ ಸಣ್ಣ ಪಾಲು) ಹೇಳುವ ಒಂದು ಸಂಕೇತ ತುಂಬುತ್ತಾರೆ. ಕಿವಿಗೆ ಅದು ಕರ್ಕಶವಾದ ಗುರ್ರ್ ಶಬ್ದ. ಪಕ್ಕದ ಟ್ರ್ಯಾಕಿಗೂ ಸೋರುತ್ತದೆಂದು 23ನೆಯದನ್ನು ಎಷ್ಟೋ ಸಲ ಖಾಲಿ ಬಿಡುತ್ತಿದ್ದರು. ಗಡಿಯಾರದ ಬಾಡಿಗೆ ಎರಡು ಟ್ರ್ಯಾಕ್ ಆಯಿತು! ಟೇಪು ತಡವರಿಸಿದರೆ ಸಂಕೇತವೂ ತಡವರಿಸುತ್ತದೆ. ಕಂಪ್ಯೂಟರ್ ಅದನ್ನು ಓದುತ್ತಾ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಇಲ್ಲವೇ ಸಿಂಕ್ರೊನೈಸರ್ ಎಂಬ ಪೆಟ್ಟಿಗೆ ಟೇಪಿನ ಮೋಟರನ್ನೇ ಹಿಡಿದು ದಾರಿಗೆ ತರುತ್ತದೆ.

ನನಗೆ ಇಷ್ಟವಾದದ್ದು ಇನ್ನೊಂದು ಉಪಾಯ. ಇಂಥ ಯಂತ್ರದಲ್ಲಿ ಟೇಪು ಸವರಿಕೊಂಡು ಹೋಗುವ ಕಾಂತದ ತುಂಡುಗಳು, ಅಂದರೆ ಹೆಡ್, ಮೂರು ಸಾಲಾಗಿರುತ್ತವೆ: ಅಳಿಸುವುದು, ಬರೆಯುವುದು, ಓದುವುದು. ಬರೆದ ಶಬ್ದ ಓದುವ ಹೆಡ್ ತಲುಪಲು ಸ್ವಲ್ಪ ಹೊತ್ತು ಬೇಕು. ನಡುವೆ ಎರಡು ಇಂಚು ಇದ್ದರೆ, ಸೆಕೆಂಡಿಗೆ 15 ಇಂಚಿನ ಓಟದಲ್ಲಿ, ಸುಮಾರು 133 ಮಿಲಿಸೆಕೆಂಡ್. ಅಲ್ಲಿಂದ ಬಂದ ಶಬ್ದವನ್ನು ನೇರ ಕಂಪ್ಯೂಟರಿಗೆ ತುಂಬಿ, ಅಷ್ಟು ಹೊತ್ತು ಹಿಂದಕ್ಕೆ ಸರಿಸಿದರೆ ಮುಗಿಯಿತು. ಹಾಡುವವರು ತಮ್ಮ ದನಿಯನ್ನು ಟೇಪಿಗೆ ಹೋಗುವ ಮೊದಲೇ ಹೆಡ್‌ಫೋನಿನಲ್ಲಿ ಕೇಳುವುದರಿಂದ ಅವರಿಗೆ ತಡ ಅನ್ನಿಸುವುದೂ ಇಲ್ಲ. ಟೇಪು ಬರೀ 133 ಮಿಲಿಸೆಕೆಂಡ್ ಶಬ್ದವನ್ನು ಹೊರಬೇಕು. ಅಷ್ಟರಲ್ಲಿ ವೇಗ ಎಷ್ಟು ತಾನೇ ತಪ್ಪೀತು? ಎಂಡ್‌ಲೆಸ್ ಅನಲಾಗ್ ಎಂಬ ಕಂಪನಿ ಈ ಲೆಕ್ಕವನ್ನೆಲ್ಲ ತಾನೇ ಮಾಡುವ 'ಕ್ಲಾಸ್ಪ್' ಎಂಬ ಉಪಕರಣವನ್ನೇ ತಂದಿತು.

2,500 ಅಡಿಯ ದೊಡ್ಡ ರೀಲು 15 ಇಂಚಿನ ವೇಗದಲ್ಲಿ 33 ನಿಮಿಷಕ್ಕೆ ಖಾಲಿ. ಅದಕ್ಕೇ ಹಿಂದೆ ಒಂದು ಆಲ್ಬಂಗೆ ರೀಲಿನ ಮೇಲೆ ರೀಲು ಬೇಕಾಗುತ್ತಿತ್ತು. ಈ ಹೊಸ ಪದ್ಧತಿಯಲ್ಲಿ ರೀಲು ಮುಗಿದರೆ ಹಿಂದಕ್ಕೆ ಸುತ್ತಿ ಅದರ ಮೇಲೇ ಬರೆಯಬಹುದು. ಹಾಡೆಲ್ಲ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಟೇಪಿನಲ್ಲಿ ಉಳಿಯುವುದು ಕೊನೆಯ ಸಲ ಅದರ ಮೇಲೆ ಹರಿದುಹೋದ ಶಬ್ದ, ಅದೂ ಮುಂದಿನ ಟೇಕ್ ಶುರುವಾಗುವ ತನಕ.